ಕಾಲುಮಣೆ ಕುಂಟೋದು ನಿಂತಾಗ ಆದ ಖುಷಿ: ಅದು ಎಲ್ಲಿಂದ ಬರುತ್ತೆ?

ಗುಬ್ಬಿಗೇಟ್ (ತುಮಕೂರು) · ಭಾನುವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದು ಕಾಲುಮಣೆ ಮಾಡುತ್ತಿದ್ದೆ. ಇವತ್ತು ಸಂಜೆ ಮುಗಿಯಿತು. ಅದರ ಬಗ್ಗೆ ನಿಮ್ಮ ಹತ್ತಿರ ಮಾತಾಡಬೇಕು ಅನಿಸಿತು.

ಊರಿನ ಮನೆ ಹಿಂದೆ ಅಪ್ಪ ನೆಟ್ಟ ಹಲಸಿನ ಮರ ಇತ್ತು. ಹೋದ ವರ್ಷದ ಗಾಳಿಮಳೆಗೆ ಅರ್ಧ ಮುರಿದು ಬಿತ್ತು. ಬಿದ್ದ ಕೊಂಬೆಯನ್ನು ಕೊಯ್ಸಿ ಹಲಗೆ ಮಾಡಿಸಿ ಒಣಗಲು ಇಟ್ಟಿದ್ದೆ. ನಾನು ಲೆಕ್ಕಪತ್ರದ ಕೆಲಸ ಮಾಡುವವನು. ಇಪ್ಪತ್ತೆರಡು ವರ್ಷದಿಂದ ಕೈಯಲ್ಲಿ ಪೆನ್ನು, ಆಮೇಲೆ ಕೀಬೋರ್ಡು. ಪಕ್ಕದ ಬೀದಿಯಲ್ಲಿ ವಯಸ್ಸಾದ ಒಬ್ಬರು ಆಚಾರ್ರು ಇದ್ದಾರೆ. ಅವರ ಹತ್ತಿರ ಉಳಿ, ಕೊಡತಿ, ಹತ್ತರಿ ಕೇಳಿ ತಂದೆ. ಹಲಸಿನ ಮರಕ್ಕೆ ಹತ್ತರಿ ಹಾಕಿದರೆ ಅರಿಶಿನ ಬಣ್ಣದ ಸುರುಳಿ ಏಳುತ್ತದೆ. ಮೊದಲ ದಿನ ನಾನು ಸುಮ್ನೆ ಆ ಸುರುಳಿ ನೋಡುತ್ತಾ ಕೂತಿದ್ದೆ.

ಹಲಗೆಯಲ್ಲಿ ನಾಲ್ಕು ಗುಳಿ ತೋಡಿ ಕಾಲು ಕೂರಿಸಿದೆ. ಕೂರಿಸಿದ ಮೇಲೆ ಮಣೆ ಕುಂಟಿತು. ಒಂದು ಕಾಲು ಕೊಯ್ದೆ, ಇನ್ನೊಂದು ಕಡೆ ಕುಂಟಿತು. ಆಚಾರ್ರು ಬಂದು ನೋಡಿದರು. "ಕಣ್ಣಲ್ಲಿ ನೋಡಿ ಕೊಯ್ಬೇಡಿ ಸಾರ್" ಅಂದರು. ಕಡಪ ಕಲ್ಲಿನ ಮೇಲೆ ಚೂರು ಕುಂಕುಮ ತೆಳ್ಳಗೆ ಹರಡಿದರು. ಮಣೆಯನ್ನು ಅದರ ಮೇಲಿಟ್ಟು ಎತ್ತಿದರು. ಮೂರು ಕಾಲಿಗೆ ಪೂರ್ತಿ ಕೆಂಪು ಹತ್ತಿತ್ತು. ನಾಲ್ಕನೆಯದಕ್ಕೆ ಒಂದು ಮೂಲೆಯಲ್ಲಿ ಮಾತ್ರ ಎಳ್ಳಷ್ಟು. ಕೆಂಪು ಹತ್ತಿದ ಕಡೆ ಉಜ್ಜುವುದು, ಮತ್ತೆ ಇಡುವುದು, ಮತ್ತೆ ನೋಡುವುದು. ಹನ್ನೊಂದು ಸಲ ಆಯಿತು. ಹನ್ನೆರಡನೇ ಸಲ ಇಟ್ಟಾಗ ಸದ್ದೇ ಬರಲಿಲ್ಲ. ಟಕ್ ಅನ್ನುತ್ತಿದ್ದದ್ದು ನಿಂತಿತು. ಮೈಯೆಲ್ಲ ಹಗುರ ಆಯಿತು. ಸಂಬಳ ಜಾಸ್ತಿ ಆದ ದಿನವೂ ನನಗೆ ಹೀಗೆ ಆಗಿರಲಿಲ್ಲ.

ಮಗಳು ಎಂಟನೇ ಕ್ಲಾಸು. "ಇಂಥದ್ದು ಅಂಗಡೀಲಿ ನಾನೂರು ರೂಪಾಯಿಗೆ ಸಿಗುತ್ತಲ್ಲಪ್ಪ, ಯಾಕೆ ಮಾಡಿದೆ?" ಅಂದಳು. ತಮಾಷೆಗೆ ಅಲ್ಲ, ನಿಜವಾಗಿ ಕೇಳಿದಳು. ನನಗೆ ಉತ್ತರ ಸಿಗಲಿಲ್ಲ. ಈ ಖುಷಿ ಎಲ್ಲಿಂದ ಬರುತ್ತದೆ? ಕಲೆಗಾರರಿಗೆ ಮಾತ್ರ ಇರುವಂಥದ್ದಾ, ಎಲ್ಲರಲ್ಲೂ ಇದೆಯಾ? ನಿಮಗೆ ಹೀಗೆ ಆಗಿದ್ದರೆ ದಯವಿಟ್ಟು ಬರೆಯಿರಿ.

ಚುಕ್ಕಿಯಮ್ಮ (ಮಧುಗಿರಿ) · ಭಾನುವಾರ, ರಾತ್ರಿ 10.15

ಅಣ್ಣಾ, ಆ ಟಕ್ ಸದ್ದು ನಿಂತದ್ದು ನನಗೂ ಕೇಳಿಸಿತು.

ನಾನು ದಿನಾ ಬೆಳಗ್ಗೆ ಬಾಗಿಲ ಮುಂದೆ ರಂಗೋಲಿ ಹಾಕುತ್ತೇನೆ. ಧನುರ್ಮಾಸದಲ್ಲಿ ದೊಡ್ಡದು. 15ರಿಂದ 8ಕ್ಕೆ ಸಂದು ಚುಕ್ಕಿ, ಅಂದರೆ ನಡುಸಾಲಿನಲ್ಲಿ 15, ಅದರ ಎರಡೂ ಕಡೆ ಸಾಲಿಗೊಂದು ಕಡಿಮೆ ಮಾಡುತ್ತಾ ಸಂದಿಯಲ್ಲಿ 8ರವರೆಗೆ ಇಟ್ಟರೆ ಒಟ್ಟು 169 ಚುಕ್ಕಿ ಆಗುತ್ತದೆ. ಚುಕ್ಕಿ ಇಡುವಾಗ ಖುಷಿ ಏನೂ ಇಲ್ಲ, ಬರೀ ಸೊಂಟನೋವು. ಆಮೇಲೆ ಎಳೆ ಶುರು. ಚುಕ್ಕಿಗಳನ್ನು ಸುತ್ತಿ ಬಳಸಿ ಹೋಗುವ ಎಳೆ ಒಂದೇ ಇರುತ್ತದೆ. ಕೈ ಎತ್ತಿದರೂ ಎಳೆ ತುಂಡಾಗಬಾರದು. ಎಲ್ಲೋ ಮಧ್ಯದಲ್ಲಿ "ಇದು ಕೂಡುತ್ತಾ ಇಲ್ವಾ" ಅಂತ ಭಯ ಆಗುತ್ತದೆ. ಕೊನೆಗೆ ಶುರು ಮಾಡಿದ ಜಾಗಕ್ಕೇ ಎಳೆ ಬಂದು ಸೇರುತ್ತದಲ್ಲ, ಆ ಗಳಿಗೆಗೇ ನಾನು ನಾಲ್ಕೂವರೆಗೆ ಏಳುವುದು.

ಎಂಟು ಗಂಟೆಗೆ ಹಾಲಿನವರ ಗಾಡಿ ಅದರ ಮೇಲೆ ಹೋಗುತ್ತದೆ. ಮಧ್ಯಾಹ್ನಕ್ಕೆ ಅರ್ಧ ಇರುತ್ತದೆ. ಮದುವೆಯಾದ ಹೊಸದರಲ್ಲಿ ಬೇಜಾರಾಗುತ್ತಿತ್ತು. ಈಗ ಇಲ್ಲ. ಅದು ಉಳಿದಿದ್ದರೆ ನಾಳೆ ಎಲ್ಲಿ ಹಾಕಲಿ? ನಿಮ್ಮ ಮಗಳಿಗೆ ಹೇಳಿ, ನಾನೂರು ರೂಪಾಯಿಗೆ ಮಣೆ ಸಿಗುತ್ತದೆ, ಆ ಹನ್ನೆರಡನೇ ಸಲ ಸಿಗಲ್ಲ ಅಂತ.

ನಾರುಹಗ್ಗ (ತಿಪಟೂರು) · ಸೋಮವಾರ, ಬೆಳಗ್ಗೆ 7.05

ಓದಿ ಸಂತೋಷ ಆಯಿತು. ಆದರೆ ನನಗೆ ಒಂದು ಮಾತು ಹೇಳಲೇಬೇಕು. ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಅಮ್ಮ ಮೂವತ್ತು ವರ್ಷ ತೆಂಗಿನ ನಾರು ಹೊಸೆದರು. ಮಟ್ಟೆ ನೆನೆಹಾಕಿ, ಬಡಿದು, ನಾರು ಬಿಡಿಸಿ, ಹೊಸೆದು ಹಗ್ಗ ಮಾಡಬೇಕು. ಮಾರುಗಟ್ಟಲೆ ಹಗ್ಗ. ನೆನೆಹಾಕಿದ ಮಟ್ಟೆಯ ವಾಸನೆ ಸೀರೆಯಿಂದ ಹೋಗುತ್ತಿರಲಿಲ್ಲ. ಅಂಗೈ ಚರ್ಮ ಏಳುತ್ತಿತ್ತು. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಊಟಕ್ಕೆ ಕೂರುತ್ತಿದ್ದರು. ಅನ್ನ ಕಲಸಲು ಆಗುತ್ತಿರಲಿಲ್ಲ, ಅಕ್ಕ ಕಲಸಿ ಕೊಡುತ್ತಿದ್ದಳು. ಅದೂ ಕೈಯಿಂದ ಮಾಡುವ ಕೆಲಸವೇ ಅಲ್ವಾ? ಅದರಲ್ಲಿ ಯಾವ ಖುಷಿ ಇತ್ತು? ಹೊಟ್ಟೆ ತುಂಬಿದವರಿಗೆ, ಭಾನುವಾರ ರಜೆ ಇರುವವರಿಗೆ ಈ ಖುಷಿ. ಮಾಡಲೇಬೇಕಾದವರಿಗೆ ಅದು ಬರೀ ದುಡಿಮೆ.

ಗುಬ್ಬಿಗೇಟ್ (ತುಮಕೂರು) · ಸೋಮವಾರ, ಬೆಳಗ್ಗೆ 8.30

ನೀವು ಹೇಳಿದ್ದು ಸರಿ ಅಣ್ಣ. ಇದಕ್ಕೆ ನಾನು ಎದುರು ಮಾತಾಡಲ್ಲ. ಒಂದೇ ಒಂದು ಕೇಳಲಾ? ಅಮ್ಮ ಮಾರುವುದಕ್ಕಲ್ಲದೆ ಯಾವತ್ತಾದರೂ ಏನಾದರೂ ಮಾಡುತ್ತಿದ್ದರಾ?

ಮೇಷ್ಟ್ರು (ಶಿರಾ) · ಸೋಮವಾರ, ಸಂಜೆ 6.20

ತಿಪಟೂರಿನ ಅಣ್ಣನ ಮಾತು ಇಡೀ ದಿನ ತಲೆಯಲ್ಲಿತ್ತು. ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ನನ್ನಿಂದ ಆದ ಒಂದು ತಪ್ಪು ಹೇಳುತ್ತೇನೆ.

ನಾಲ್ಕನೇ ತರಗತಿ ಮಕ್ಕಳಿಗೆ ಒಂದು ಶನಿವಾರ ಜೇಡಿಮಣ್ಣು ತಂದು ಕೊಟ್ಟೆ. ಏನು ಮಾಡಿ ಅಂತ ಹೇಳಲಿಲ್ಲ. ಒಬ್ಬ ಬೋರ್‌ವೆಲ್ ಲಾರಿ ಮಾಡಿದ. ಒಬ್ಬಳು ತನ್ನ ಅಜ್ಜಿಯ ಕಾಲು ಮಾಡಿದಳು, ಬರೀ ಕಾಲು, ಬೆರಳಿಗೆ ಕಾಲುಂಗುರ ಸಮೇತ. ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ನನಗೆ ಹುರುಪು ಬಂತು. ಮುಂದಿನ ಶನಿವಾರ "ಚೆನ್ನಾಗಿ ಮಾಡಿದವರಿಗೆ ಬಹುಮಾನ" ಅಂದೆ. ಇಪ್ಪತ್ತಾರು ಮಕ್ಕಳಲ್ಲಿ ಇಪ್ಪತ್ತು ಮಕ್ಕಳು ಗಣೇಶ ಮಾಡಿದರು. ಅದರ ಮುಂದಿನ ವಾರ ಮಣ್ಣು ಇಟ್ಟಾಗ ಮೊದಲ ಪ್ರಶ್ನೆ: "ಇವತ್ತು ಪ್ರೈಜ್ ಇದ್ಯಾ ಸಾರ್?" ಇಲ್ಲ ಅಂದೆ. ಅರ್ಧ ಮಕ್ಕಳು ಆಟಕ್ಕೆ ಓಡಿದರು. ಕಾಲುಂಗುರ ಮಾಡಿದ್ದ ಹುಡುಗಿಯೂ ಓಡಿದಳು.

ಆಮೇಲೆ ತರಬೇತಿಯೊಂದರಲ್ಲಿ ತಿಳಿಯಿತು, ಇದನ್ನೇ 1973ರಲ್ಲಿ ಅಮೆರಿಕದಲ್ಲಿ ಪರೀಕ್ಷೆ ಮಾಡಿ ಬರೆದಿದ್ದಾರೆ. ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವ ಮೂವರು. ಚಿತ್ರ ಬರೆಯುವುದನ್ನು ಮೊದಲೇ ಇಷ್ಟಪಡುತ್ತಿದ್ದ 3ರಿಂದ 5 ವರ್ಷದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಬರೆದರೆ ಚಿನ್ನದ ಬಣ್ಣದ ಮುದ್ರೆ, ರಿಬ್ಬನ್ ಇರುವ ಪ್ರಮಾಣಪತ್ರ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಹೇಳದೆ ಕೊನೆಗೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಮಕ್ಕಳು ತಾವಾಗಿಯೇ ಎಷ್ಟು ಹೊತ್ತು ಬರೆಯುತ್ತಾರೆ ಅಂತ ನೋಡಿದರು. ಆಸೆ ತೋರಿಸಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಬರೆದರು. ಹೇಳದೆ ಕೊಟ್ಟವರಲ್ಲಿ ಹಾಗೆ ಆಗಲಿಲ್ಲ.

ಅಂದರೆ ಖುಷಿ ಮಕ್ಕಳಲ್ಲಿ ಮೊದಲೇ ಇತ್ತು. ಯಾರೂ ತುಂಬಿದ್ದಲ್ಲ. ಬೇರೆಯವರಿಗಾಗಿ ಮಾಡುತ್ತಿದ್ದೇನೆ ಅನಿಸಿದ ಕೂಡಲೇ ಅದು ಬತ್ತಿತು. ನಿಮ್ಮ ಅಮ್ಮನಿಗೂ ಹೀಗೇ ಆಗಿತ್ತೋ ಏನೋ. ನಾರಿನಲ್ಲಿ ಖುಷಿ ಇರಲಿಲ್ಲ ಅಂತಲ್ಲ, ಎಷ್ಟು ಮಾರು, ಯಾವ ದಪ್ಪ, ಯಾವತ್ತಿಗೆ ಅಂತ ಬೇರೆಯವರು ಹೇಳುತ್ತಿದ್ದರು.

ನಾರುಹಗ್ಗ (ತಿಪಟೂರು) · ಸೋಮವಾರ, ರಾತ್ರಿ 8.00

ಮೇಷ್ಟ್ರೇ, ಅಮ್ಮನ ಹಗ್ಗಕ್ಕೆ ಕಾಸು ಬರದಿದ್ದರೆ ನಾನು ಓದುತ್ತಿರಲಿಲ್ಲ. ಕಾಸು ಖುಷಿ ಕೆಡಿಸುತ್ತದೆ ಅನ್ನುವುದನ್ನು ನಾನು ಒಪ್ಪಲಾರೆ. ಬೇರೆಯವರು ಹೇಳಿದಂತೆ ಮಾಡಬೇಕಾಗಿತ್ತು ಅಂದಿರಲ್ಲ, ಅದು ಮಾತ್ರ ನಿಜ. ಗುಬ್ಬಿಗೇಟ್ ಅಣ್ಣ ಕೇಳಿದ್ದಕ್ಕೆ ಉತ್ತರ ಅಮ್ಮನನ್ನೇ ಕೇಳಿ ಹೇಳುತ್ತೇನೆ.

ಈಚಲುಮರ (ಪಾವಗಡ) · ಸೋಮವಾರ, ರಾತ್ರಿ 9.10

ಎಲ್ಲಿಂದ ಬರುತ್ತದೆ ಅಂತ ಕೇಳಿದಿರಲ್ಲ, ನಾನು ಸ್ವಲ್ಪ ದೂರಕ್ಕೆ ಹೋಗುತ್ತೇನೆ.

ನಮ್ಮ ಹೊಲದ ಬಾವಿ ಮೇಲೆ ಒಂದು ಈಚಲುಮರ ಬಾಗಿದೆ. ಮಳೆ ಬಿದ್ದ ಮೇಲೆ ಗೀಜಗಗಳು ಬರುತ್ತವೆ. ಗೂಡು ಹೆಣೆಯುವುದು ಗಂಡು. ಹುಲ್ಲಿನ ಗರಿಯ ಬುಡದಲ್ಲಿ ಕೊಕ್ಕಿನಿಂದ ಒಂದು ಕಚ್ಚು ಹಾಕುತ್ತದೆ. ಆ ತುದಿ ಹಿಡಿದು ಹಾರಿದರೆ ಉದ್ದಕ್ಕೆ ಸೀಳಿ ಒಂದು ಎಳೆ ಬರುತ್ತದೆ. ಆ ಎಳೆಯನ್ನು ಒಳಗೆ ತೂರಿಸಿ, ಆಚೆಯಿಂದ ಹಿಡಿದು ಎಳೆದು, ಮತ್ತೆ ತೂರಿಸಿ ಗಂಟು ಹಾಕುತ್ತದೆ. ಅರ್ಧ ಗೂಡು ಆದಾಗ ಹೆಣ್ಣು ಬಂದು ಒಳಗೆ ಕೂತು ನೋಡುತ್ತದೆ. ಒಪ್ಪಿದರೆ ಮಾತ್ರ ಮುಂದಿನ ಕೆಲಸ. ಒಪ್ಪದಿದ್ದರೆ ಅದು ಅಲ್ಲೇ ನೇತಾಡುತ್ತಿರುತ್ತದೆ, ಗಂಡು ಇನ್ನೊಂದು ಶುರು ಮಾಡುತ್ತದೆ.

ಹುಟ್ಟುತ್ತಲೇ ಬರುವ ವಿದ್ಯೆ ಅಂತ ನಾನೂ ಅಂದುಕೊಂಡಿದ್ದೆ. ಪೂರ್ತಿ ಹಾಗಲ್ಲ. ಮರಿಗಂಡುಗಳು ಹೆಣೆದದ್ದು ಸಡಿಲ, ಓರೆಕೋರೆ. ಆಫ್ರಿಕಾದಲ್ಲಿರುವ ಇದೇ ಬಳಗದ ಹಕ್ಕಿಯ ಮೇಲೆ ಪ್ರಯೋಗ ಮಾಡಿದ್ದಾರೆ. ಮರಿಗಳಿಗೆ ಹುಲ್ಲು, ಗರಿ ಸಿಗದಂತೆ ಬೆಳೆಸಿ, ದೊಡ್ಡದಾದ ಮೇಲೆ ಕೊಟ್ಟರೆ ಅವುಗಳಿಗೆ ಸರಿಯಾಗಿ ಹೆಣೆಯಲು ಬರಲಿಲ್ಲ. ಸಣ್ಣದರಲ್ಲಿ ಸುಮ್ನೆ ಹುಲ್ಲು ಎಳೆದಾಡಿ, ಕೆಡಿಸಿ ಆಡಬೇಕು. ಆ ಆಟದಿಂದಲೇ ಗೂಡು.

ಚುಕ್ಕಿಯಮ್ಮ (ಮಧುಗಿರಿ) · ಸೋಮವಾರ, ರಾತ್ರಿ 9.25

ಗೀಜಗ ಎಷ್ಟು ವರ್ಷ ಆದರೂ ಅದೇ ಗೂಡು ಕಟ್ಟುತ್ತದೆ ಅಣ್ಣಾ. ನಾನು ನಮ್ಮ ಅಜ್ಜಿ ಹಾಕುತ್ತಿದ್ದ ಎಳೆಯನ್ನು ಬದಲಾಯಿಸಿದ್ದೇನೆ. ಆ ಬದಲಾಯಿಸುವ ಬುದ್ಧಿ ಎಲ್ಲಿಂದ ಬಂತು?

ಈಚಲುಮರ (ಪಾವಗಡ) · ಸೋಮವಾರ, ರಾತ್ರಿ 10.50

ಅಕ್ಕಾ, ಒಳ್ಳೆಯ ಪ್ರಶ್ನೆ. ಆ ಬುದ್ಧಿ ಬರಲು ಬಹಳ ಕಾಲ ಹಿಡಿಯಿತು.

ಈವರೆಗೆ ಸಿಕ್ಕ ಅತ್ಯಂತ ಹಳೆಯ ಕಲ್ಲಿನ ಉಪಕರಣ ಕೆನ್ಯಾದ ಲೋಮೆಕ್ವಿಯಲ್ಲಿ ಸಿಕ್ಕಿದ್ದು, ಸುಮಾರು 33 ಲಕ್ಷ ವರ್ಷ ಹಳೆಯದು. ಕಲ್ಲಿಗೆ ಕಲ್ಲು ಕುಟ್ಟಿ ಚೂರು ಎಬ್ಬಿಸಿದ್ದಾರೆ, ಅಷ್ಟೇ. ಆಮೇಲೆ ಕೈಗೊಡಲಿ ಬಂತು, ಅಂದರೆ ಹಿಡಿ ಇಲ್ಲದೆ ಕೈಯಲ್ಲೇ ಹಿಡಿಯುವ ಕಲ್ಲು. ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿ ಹತ್ತಿರ ಇಸಾಂಪುರ ಅಂತ ಜಾಗ ಇದೆ. ಹತ್ತು ಲಕ್ಷ ವರ್ಷಕ್ಕೂ ಹಿಂದೆ ಜನ ಅಲ್ಲಿ ಕೂತು ಸುಣ್ಣಕಲ್ಲಿನಿಂದ ಕೈಗೊಡಲಿ ಮಾಡಿದ್ದಾರೆ. ಮಾಡಿದ್ದೂ ಉಳಿದಿದೆ, ಎದ್ದ ಚಕ್ಕೆಯೂ ಉಳಿದಿದೆ. ನಿಮ್ಮ ಹಲಸಿನ ಸುರುಳಿ ಥರ. ಕೈಗೊಡಲಿಯ ಆಕಾರ ಲಕ್ಷಾಂತರ ವರ್ಷ ಹೆಚ್ಚುಕಡಿಮೆ ಒಂದೇ, ನೀರಿನ ಹನಿ ಥರ. ಅಲ್ಲಿಯವರೆಗೆ ನೀವು ಹೇಳಿದ ಹಾಗೆ ಗೀಜಗದ ಲೆಕ್ಕವೇ. ಆದರೆ ಕೆಲವು ಎರಡೂ ಕಡೆ ಎಷ್ಟು ಸಮ ಇವೆ ಅಂದರೆ, ಮಾಂಸ ಕೊಯ್ಯಲು ಅಷ್ಟು ಬೇಕಾಗಿಯೇ ಇರಲಿಲ್ಲ. ಸಾಕು ಅನ್ನುವ ಜಾಗ ದಾಟಿ ಯಾರೋ ಇನ್ನೂ ನಾಲ್ಕು ಏಟು ಹಾಕಿದ್ದಾರೆ. ಗುಬ್ಬಿಗೇಟ್ ಅಣ್ಣ ಹನ್ನೊಂದನೇ ಸಲಕ್ಕೆ ನಿಲ್ಲಿಸಿದ್ದರೂ ಮಣೆ ಮೇಲೆ ಕೂರಬಹುದಿತ್ತು, ಅಲ್ವಾ?

ಇನ್ನೊಂದು, ಇದು ನಿಮಗಾಗಿಯೇ ಅಕ್ಕಾ. ದಕ್ಷಿಣ ಆಫ್ರಿಕಾದ ಬ್ಲಾಂಬೋಸ್ ಗುಹೆಯಲ್ಲಿ ಸುಮಾರು 75,000 ವರ್ಷ ಹಿಂದಿನ ಕೆಮ್ಮಣ್ಣಿನ ತುಂಡು ಸಿಕ್ಕಿದೆ. ಅದರ ಮೇಲೆ ಓರೆ ಗೆರೆ, ಅದಕ್ಕೆ ಅಡ್ಡವಾಗಿ ಇನ್ನೊಂದು ಓರೆ ಗೆರೆ, ಸಾಲಾಗಿ ಕೊರೆದಿದ್ದಾರೆ. ಪ್ರಾಣಿ ಅಲ್ಲ, ಮನುಷ್ಯ ಅಲ್ಲ, ಬರೀ ಎಳೆ. ಅದೇ ಗುಹೆಯಲ್ಲಿ ಸುಮಾರು ಒಂದು ಲಕ್ಷ ವರ್ಷ ಹಿಂದೆ ಚಿಪ್ಪಿನೊಳಗೆ ಕೆಮ್ಮಣ್ಣು, ಇದ್ದಿಲು, ಮೂಳೆ ಪುಡಿ ಕಲಸಿ ಬಣ್ಣ ಮಾಡಿ ಇಟ್ಟಿದ್ದೂ ಸಿಕ್ಕಿದೆ.

ಚುಕ್ಕಿಯಮ್ಮ (ಮಧುಗಿರಿ) · ಮಂಗಳವಾರ, ಬೆಳಗ್ಗೆ 5.30

ಇದೀಗ ರಂಗೋಲಿ ಸುತ್ತ ಕೆಮ್ಮಣ್ಣಿನ ಅಂಚು ಬಳಿದು ಒಳಗೆ ಬಂದೆ. ನಿಮ್ಮ ಬರಹ ಓದಿ ಬೆರಳು ನೋಡಿಕೊಂಡೆ, ಇನ್ನೂ ಕೆಂಪಗಿದೆ. ಇಂಥದ್ದೇ ಬೆರಳು ಆ ಗುಹೆಯಲ್ಲಿ ಕೂತವರದ್ದೂ. ಕಣ್ಣಲ್ಲಿ ನೀರು ಬಂತು.

ಕೆರೆಏರಿ (ಗೂಳೂರು) · ಮಂಗಳವಾರ, ಮಧ್ಯಾಹ್ನ 2.15

ಅಷ್ಟು ದೂರ ಹೋಗಿ ಬಂದಿರಿ, ಪಕ್ಕದ ಕೈದಾಳ ಬಿಟ್ಟಿರಲ್ಲ!

ಕಥೆ ಎಲ್ಲರಿಗೂ ಗೊತ್ತು. ಬೇಲೂರಿನಲ್ಲಿ ಜಕಣಾಚಾರಿ ಮಾಡಿದ ವಿಗ್ರಹದ ಕಲ್ಲಿನಲ್ಲಿ ದೋಷ ಇದೆ ಅಂತ ಯಾರೋ ಹುಡುಗ ಹೇಳಿದ. ಇದ್ದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆ ಅಂತ ಜಕಣಾಚಾರಿ ಪಣ ತೊಟ್ಟ. ವಿಗ್ರಹಕ್ಕೆ ಗಂಧ ಬಳಿದರು. ಎಲ್ಲ ಕಡೆ ಒಣಗಿತು, ಹೊಕ್ಕುಳ ಹತ್ತಿರ ಮಾತ್ರ ಹಸಿ. ಅಲ್ಲಿ ಉಳಿ ಇಟ್ಟರೆ ನೀರು, ಕಪ್ಪೆ. ಹುಡುಗ ಅವನ ಮಗನೇ, ಡಂಕಣ. ಕೈ ಕಳೆದುಕೊಂಡವನು ಹುಟ್ಟೂರು ಕ್ರೀಡಾಪುರಕ್ಕೆ ಬಂದು ಚೆನ್ನಕೇಶವನ ಗುಡಿ ಕಟ್ಟಿದ, ಕೈ ಮತ್ತೆ ಬಂತು, ಊರು ಕೈದಾಳ ಆಯಿತು.

ಅಣ್ಣಾ, ನಿಮ್ಮ ಆಚಾರ್ರ ಕುಂಕುಮ ಓದಿದಾಗ ನನಗೆ ಈ ಗಂಧವೇ ನೆನಪಾಯಿತು. ಒಂದೇ ವಿದ್ಯೆ. ಕಣ್ಣಿಗೆ ಕಾಣದ್ದನ್ನು ವಸ್ತುವಿನಿಂದಲೇ ಹೇಳಿಸುವುದು. ಈ ಕಥೆ ಕಟ್ಟಿದವರಿಗೆ ಕೈಕೆಲಸ ಚೆನ್ನಾಗಿ ಗೊತ್ತಿತ್ತು.

ಇದು ಜನರ ಕಥೆ. ಶಾಸನ ಬೇರೆ ಹೇಳುತ್ತದೆ. ಕೈದಾಳದಲ್ಲಿ 1150ರ ಸುಮಾರಿಗೆ ಗುಡಿ ಕಟ್ಟಿಸಿದವನು ಹೊಯ್ಸಳ ನರಸಿಂಹನ ಸಾಮಂತ ಬಾಚಿ. ಬೇಲೂರಿನ ಮದನಿಕೆಯರ ಕೆಳಗೆ ಇರುವ ಹೆಸರುಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇದ್ದಾರೆ. ನೋಡಿ, ಅಲ್ಲೂ ಅಪ್ಪ ಮಗ! ಕೈ ಕತ್ತರಿಸಿಕೊಳ್ಳದೆ, ಒಂದೇ ಗುಡಿಯಲ್ಲಿ ಕೆಲಸ ಮಾಡಿ, ಇಬ್ಬರೂ ತಮ್ಮ ತಮ್ಮ ಬೊಂಬೆ ಕೆಳಗೆ ಹೆಸರು ಕೆತ್ತಿದರು. ನನಗೆ ಕಥೆಗಿಂತ ಇದೇ ಜಾಸ್ತಿ ಇಷ್ಟ.

ನಮ್ಮ ಊರಿನ ಗಣಪ ಇನ್ನೊಂದು ಥರ. ಗಣೇಶ ಚೌತಿ ದಿನ ಬೇರೆ ಊರಲ್ಲಿ ಪೂಜೆ, ನಮ್ಮಲ್ಲಿ ಅವತ್ತು ಮೂರ್ತಿ ಕೆಲಸ ಶುರು. ಕೆರೆ ಮಣ್ಣಿನಿಂದ ಆಳೆತ್ತರ ಮೀರಿದ ಗಣಪ ಮೆಲ್ಲಗೆ ಏಳುತ್ತಾನೆ. ಬಲಿಪಾಡ್ಯಮಿಯಿಂದ ಪೂಜೆ. ಕಾರ್ತಿಕದಲ್ಲಿ ಊರೂರಿಂದ ಜನ. ಆಮೇಲೆ ಮತ್ತೆ ಕೆರೆಗೇ. ಮಾಡಿದವರ ಹೆಸರು ಎಲ್ಲೂ ಇಲ್ಲ. ದಾಸೋಜನ ಖುಷಿ ದೊಡ್ಡದೋ ಇವರದ್ದೋ, ನನಗೆ ತೂಗಲು ಬರುವುದಿಲ್ಲ.

ಗಡಿಯಾರದಂಗಡಿ (ತುಮಕೂರು) · ಮಂಗಳವಾರ, ರಾತ್ರಿ 9.00

ನಾನು ಹೊಸದಾಗಿ ಏನೂ ಮಾಡಿದವನಲ್ಲ. ರಿಪೇರಿ ಮಾಡುವವನು. ಅದಕ್ಕೇ ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಎಚ್‌ಎಂಟಿ ಗಡಿಯಾರದ ಕಾರ್ಖಾನೆ ನಮ್ಮ ತುಮಕೂರಿನಲ್ಲೇ ಇತ್ತು, ನಿಮಗೆ ಗೊತ್ತು. ಈಗಲೂ ಜನ ತಾತನ ಕಾಲದ ಜನತಾ ವಾಚು ತರುತ್ತಾರೆ. ಕೀಲಿ ಕೊಡುವ ವಾಚು, 17 ಜ್ಯುವೆಲ್ (ಚಕ್ರದ ಅಚ್ಚು ಸವೆಯದಂತೆ ಕೂರಿಸುವ ಚಿಕ್ಕ ಕಲ್ಲು). ಎಲ್ಲ ಬಿಚ್ಚಿ, ತೊಳೆದು, ಒಂದೊಂದೇ ಚಕ್ರ ಕೂರಿಸುತ್ತೇನೆ. ಕೂರಿಸುವಾಗ ಅದು ಬರೀ ಹಿತ್ತಾಳೆ, ಉಕ್ಕು. ಕೊನೆಗೆ ಬ್ಯಾಲೆನ್ಸ್ ಚಕ್ರ. ಅದರ ಜೊತೆ ಕೂದಲೆಳೆ ಥರ ಸ್ಪ್ರಿಂಗ್ ಇರುತ್ತದೆ. ಉಸಿರು ಬಿಟ್ಟರೂ ಅಲ್ಲಾಡುತ್ತದೆ. ಚಿಮಟದಲ್ಲಿ ಹಿಡಿದು, ಉಸಿರು ಹಿಡಿದು, ಜಾಗಕ್ಕೆ ಇಳಿಸಬೇಕು. ಸರಿಯಾಗಿ ಕೂತರೆ ನಾವು ಏನೂ ಮಾಡಬೇಕಾಗಿಲ್ಲ. ತಾನಾಗಿಯೇ ಹೊರಳುತ್ತದೆ. ಸೆಕೆಂಡಿಗೆ 5 ಬಡಿತ, ಗಂಟೆಗೆ 18,000. ಸತ್ತದ್ದು ಕಣ್ಣು ಬಿಟ್ಟ ಹಾಗೆ.

ಮೂವತ್ತೊಂದು ವರ್ಷದಿಂದ ಇದೇ ಮಾಡುತ್ತಿದ್ದೇನೆ. ಕಾಸು ತೆಗೆದುಕೊಂಡೇ ಮಾಡುತ್ತೇನೆ. ಎಲ್ಲ ವಾಚೂ ಒಂದೇ ಥರ. ಆದರೂ ಆ ಗಳಿಗೆ ಹಳೆಯದಾಗಿಲ್ಲ.

ನಾರುಹಗ್ಗ (ತಿಪಟೂರು) · ಬುಧವಾರ, ರಾತ್ರಿ 8.40

ಅಮ್ಮನಿಗೆ ಫೋನ್ ಮಾಡಿದ್ದೆ. ಹಗ್ಗ ಹೊಸೆಯುವಾಗ ಖುಷಿ ಆಗುತ್ತಿತ್ತಾ ಅಂತ ಕೇಳಿದೆ. "ಅದರಲ್ಲೇನು ಖುಷಿ, ಕೈ ಉರಿ" ಅಂದರು. ನನ್ನ ಮಾತೇ ಗೆದ್ದಿತು ಅಂದುಕೊಂಡೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಂಕ್ರಾಂತಿ ಹಗ್ಗ ಬಿಟ್ಟು" ಅಂದರು.

ನಾನು ಮರೆತೇಬಿಟ್ಟಿದ್ದೆ. ಸಂಕ್ರಾಂತಿಗೆ ಕಿಚ್ಚು ಹಾಯಿಸುವಾಗ ನಮ್ಮ ಎತ್ತುಗಳಿಗೆ ಹೊಸ ಹಗ್ಗ ಹಾಕುತ್ತಿದ್ದೆವು. ಅವನ್ನು ಅಮ್ಮನೇ ಹೊಸೆಯುತ್ತಿದ್ದರು. ಹಗಲೆಲ್ಲ ಮಾರುವ ಹಗ್ಗ, ರಾತ್ರಿ ಎತ್ತಿನ ಹಗ್ಗ. ಅದೇ ನಾರು, ಅದೇ ಸುಲಿದ ಕೈ. ಆದರೆ ಎತ್ತಿನ ಹಗ್ಗದಲ್ಲಿ ನಾರಿನ ಜೊತೆ ಹಳೇ ಸೀರೆಯ ಕೆಂಪು ಅಂಚು ಹರಿದು ಒಂದು ಎಳೆ ಸೇರಿಸುತ್ತಿದ್ದರು. ಗೇಣುಗೇಣಿಗೆ ಕೆಂಪು ಸುತ್ತು ಬರುತ್ತಿತ್ತು. ಒಂದು ವರ್ಷ ಸುತ್ತು ಹತ್ತಿರ ಬರುವ ಹಾಗೆ, ಇನ್ನೊಂದು ವರ್ಷ ದೂರ ಬರುವ ಹಾಗೆ. ನಾವು ಯಾರೂ ಕೇಳಿರಲಿಲ್ಲ. ಯಾರೂ ಚೆನ್ನಾಗಿದೆ ಅಂತಲೂ ಹೇಳಿದ್ದಿಲ್ಲ, ನನಗೆ ಈಗ ಅದೇ ನೋವು.

"ಎತ್ತಿಗೆ ಗೊತ್ತಾಗುತ್ತೇನಮ್ಮ ಅದೆಲ್ಲ?" ಅಂದೆ. "ಎತ್ತಿಗೆ ಗೊತ್ತಾಗದೆ ಇದ್ರೆ ಹೋಗ್ಲಿ, ನಂಗೆ ಗೊತ್ತಾಗುತ್ತಲ್ಲ" ಅಂದರು.

ಮೊದಲು ಬರೆದದ್ದನ್ನು ವಾಪಸ್ ತೆಗೆದುಕೊಳ್ಳಲ್ಲ. ಆ ಮೂವತ್ತು ವರ್ಷದ ಕೈಉರಿ ಹಾಗೇ ಇರಲಿ. ಇದನ್ನು ಅದರ ಪಕ್ಕದಲ್ಲಿ ಇಡುತ್ತಿದ್ದೇನೆ.

ಗುಬ್ಬಿಗೇಟ್ (ತುಮಕೂರು) · ಬುಧವಾರ, ರಾತ್ರಿ 9.30

ಅಣ್ಣ, ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ನಿಮ್ಮ ಬರಹವನ್ನು ಮಗಳಿಗೆ ಜೋರಾಗಿ ಓದಿ ಹೇಳಿದೆ. ಅವಳು ಆ ಮಣೆ ಮೇಲೇ ಕೂತು ಕೇಳಿದಳು. ಅವಳ ಮೊದಲಿನ ಪ್ರಶ್ನೆಗೆ ಉತ್ತರ ಹೇಳಲು ಹೋಗಲಿಲ್ಲ, ಅವಳೂ ಮತ್ತೆ ಕೇಳಲಿಲ್ಲ. ಮಣೆ ತಿರುಗಿಸಿ ನಾಲ್ಕು ಕಾಲಿನ ಕೆಂಪು ನೋಡಿದಳು. ಆಮೇಲೆ ಅಟ್ಟದಿಂದ ಸ್ವಲ್ಪ ನಾರು ಹುಡುಕಿ ತಂದು ಹೊಸೆಯಲು ನೋಡುತ್ತಿದ್ದಾಳೆ. ಎರಡು ಎಳೆ ಹಿಡಿತಕ್ಕೆ ಬಂದಿದೆ. ಕೆಂಪು ಎಳೆ ಸೇರಿಸಿದರೆ ಮೇಲೆ ನಿಲ್ಲದೆ ಒಳಗೆ ಹೂತು ಹೋಗುತ್ತಿದೆ. ಅಮ್ಮ ಅದನ್ನು ಯಾವಾಗ ಸೇರಿಸುತ್ತಿದ್ದರು? ಕೇಳಿ ಹೇಳುತ್ತೀರಾ?

ನಾರುಹಗ್ಗ (ತಿಪಟೂರು) · ಬುಧವಾರ, ರಾತ್ರಿ 10.05

ಈಗಲೇ ಕೇಳಿದೆ. ಮಲಗಿದ್ದವರು ಎದ್ದು ಕೂತು ಹೇಳಿದರು. ಹತ್ತಿ ಸೀರೆಯದೇ ಆಗಬೇಕಂತೆ, ಪಾಲಿಸ್ಟರ್ ಜಾರುತ್ತದಂತೆ. ಕೆಂಪು ಎಳೆಯನ್ನು ಮೊದಲೇ ಬೇರೆಯಾಗಿ ಬಿಗಿಯಾಗಿ ಹುರಿ ಮಾಡಿಕೊಳ್ಳಬೇಕು. ಎರಡು ನಾರಿನ ಎಳೆ ಕೂಡಿ ಹಗ್ಗ ಆದಮೇಲೆ ಮಧ್ಯದಲ್ಲಿ ಹಳ್ಳ ಉಳಿಯುತ್ತದಲ್ಲ, ಇದನ್ನು ಆ ಹಳ್ಳದಲ್ಲಿ ಕೂರಿಸಿಕೊಂಡು ಸುತ್ತುತ್ತಾ ಹೋಗಬೇಕಂತೆ. ಹಗ್ಗದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡರೆ ಸುಲಭ. ಶನಿವಾರ ಊರಿಗೆ ಹೋಗುತ್ತೇನೆ, ಅವರು ಮಾಡುವುದನ್ನು ವಿಡಿಯೋ ಮಾಡಿ ಹಾಕುತ್ತೇನೆ. ಪಾಪುಗೆ ನಾರನ್ನು ಸ್ವಲ್ಪ ನೀರು ಚಿಮುಕಿಸಿಕೊಂಡು ಹೊಸೆಯಲು ಹೇಳಿ, ಒಣ ನಾರು ಕೈ ಕುಯ್ಯುತ್ತದೆ.